ಕಂಪ್ಯೂಟರ್ ಬಂತು, ಕೆಲಸ ಮಾತ್ರ ಹಳೇ ದಾರಿಯಲ್ಲೇ!

ಪ್ರಶ್ನೆ: ದಾವಣಗೆರೆ ಎಪಿಎಂಸಿಯಲ್ಲಿ ನಮ್ಮದು ಮೆಕ್ಕೆಜೋಳದ ದಲಾಲಿ ಅಂಗಡಿ. ತೂಕದ ಚೀಟಿ ನೋಡಿ ಗುಮಾಸ್ತರು ಲೆಡ್ಜರ್ ಬರೆಯುತ್ತಾರೆ. ಸಂಜೆ ಕಂಪ್ಯೂಟರಿಗೆ ಏರಿಸುತ್ತಾರೆ. ಹೊರೆ ಕಮ್ಮಿಯಾಗಿಲ್ಲ. ಐಟಿಯಿಂದ (ಮಾಹಿತಿ ತಂತ್ರಜ್ಞಾನದಿಂದ) ಉತ್ಪಾದಕತೆ ಹೆಚ್ಚುತ್ತದೆ ಅನ್ನೋದು ನಿಜವಾ ಸರ್?

ಉತ್ತರ: ನಿಜ. ಆದರೆ ಮೆಷಿನ್ ತಂದಿಟ್ಟ ಮಾತ್ರಕ್ಕೆ ಅಲ್ಲ. ಉತ್ಪಾದಕತೆ ಅಂದರೆ ಅಷ್ಟೇ ದುಡಿಮೆಯಲ್ಲಿ ಎಷ್ಟು ಉತ್ಪತ್ತಿ ಆಗುತ್ತದೆ ಅನ್ನೋದು. ಎಷ್ಟು ಸಲ ಹೇಳಿದರೂ ಇದೇ ಪ್ರಶ್ನೆ ಮತ್ತೆ ಬರುತ್ತದೆ.

ಕಂಪ್ಯೂಟರ್ ಯುಗ ಎಲ್ಲ ಕಡೆ ಕಾಣುತ್ತದೆ, ಉತ್ಪಾದಕತೆಯ ಲೆಕ್ಕದಲ್ಲಿ ಮಾತ್ರ ಕಾಣುವುದಿಲ್ಲ ಅಂತ ಅಮೆರಿಕದ ಅರ್ಥಶಾಸ್ತ್ರಜ್ಞ ರಾಬರ್ಟ್ ಸೊಲೊ 1987ರಲ್ಲೇ ಬರೆದಿದ್ದರು. ಆಗ ಅಲ್ಲಿ ಒಂದು ಗಂಟೆ ದುಡಿಮೆಯ ಉತ್ಪತ್ತಿ ವರ್ಷಕ್ಕೆ ಸುಮಾರು ಶೇ 1.5ರಷ್ಟೇ ಏರುತ್ತಿತ್ತು. 1995ರಿಂದ 2004ರವರೆಗೆ ಅದು ಶೇ 3ರ ಹತ್ತಿರ ಬಂತು. ಕಂಪ್ಯೂಟರ್ ಚಿಪ್ ತಯಾರಿಕೆ ಜೊತೆಗೆ ಸಗಟು, ಚಿಲ್ಲರೆ ವ್ಯಾಪಾರದ ಪಾಲೂ ಅದರಲ್ಲಿ ದೊಡ್ಡದು. ದೊಡ್ಡ ಅಂಗಡಿಗಳು ಗೋದಾಮು, ಸಾಗಣೆ, ಖರೀದಿ ಎಲ್ಲವನ್ನೂ ಕಂಪ್ಯೂಟರಿಗೆ ತಕ್ಕಂತೆ ಹೊಸದಾಗಿ ಹೊಂದಿಸಿಕೊಂಡಿದ್ದವು. ಆಮೇಲೆ ವೇಗ ಮತ್ತೆ ಇಳಿಯಿತು. ಹಾಗಾಗಿ ಐಟಿ ಬಂದರೆ ಬೆಳವಣಿಗೆ ಸದಾ ಏರುತ್ತದೆ ಅನ್ನುವವರನ್ನೂ ನಂಬಬೇಡಿ.

ಕರೆಂಟಿನ ಕಥೆಯೂ ಹೀಗೇ. ನ್ಯೂಯಾರ್ಕಿನಲ್ಲಿ ಎಡಿಸನ್ ವಿದ್ಯುತ್ ಕೇಂದ್ರ ಶುರುವಾಗಿದ್ದು 1882ರಲ್ಲಿ. ಕಾರ್ಖಾನೆಗಳಿಗೆ ದೊಡ್ಡ ಲಾಭ ಸಿಕ್ಕಿದ್ದು 1920ರ ದಶಕದಲ್ಲಿ. ಮೊದಲು ಉಗಿ ಎಂಜಿನ್ ಜಾಗದಲ್ಲಿ ಒಂದು ದೊಡ್ಡ ಮೋಟಾರ್ ಕೂರಿಸಿದರು. ಎಲ್ಲ ಯಂತ್ರಗಳನ್ನೂ ಒಟ್ಟಿಗೆ ತಿರುಗಿಸುತ್ತಿದ್ದ ತಲೆ ಮೇಲಿನ ಉದ್ದದ ಶಾಫ್ಟ್ (ತಿರುಗುವ ಕಂಬಿ), ಬೆಲ್ಟು ಹಾಗೇ ಉಳಿದವು. ಒಂದೊಂದು ಯಂತ್ರಕ್ಕೂ ಒಂದೊಂದು ಮೋಟಾರ್ ಬಂದು, ಕೆಲಸದ ಕ್ರಮಕ್ಕೆ ತಕ್ಕಂತೆ ಯಂತ್ರಗಳನ್ನು ಜೋಡಿಸಿದ ಮೇಲೆ ಫಲ ಸಿಕ್ಕಿತು.

ನಿಮ್ಮಲ್ಲಿ ಒಂದೇ ಲೆಕ್ಕವನ್ನು ಎರಡೆರಡು ಸಲ ಬರೆಯುತ್ತಿದ್ದೀರಿ. ಹೊರೆ ಎಲ್ಲಿಂದ ಇಳಿಯಬೇಕು? ತೂಕ ಆದ ಕೂಡಲೇ ನೇರ ಕಂಪ್ಯೂಟರಿಗೆ ಹಾಕಿ, ರೈತರಿಗೆ ಅಲ್ಲೇ ಲೆಕ್ಕದ ಪಟ್ಟಿ ಕೊಡಿ. ಆದರೆ ದಿಢೀರಂತ ಲೆಡ್ಜರ್ ಬಿಡಬೇಡಿ. ಒಂದು ಸುಗ್ಗಿ ಎರಡನ್ನೂ ತಾಳೆ ನೋಡಿ. ದಿನಾ ಬ್ಯಾಕಪ್ ತೆಗೆಯಿರಿ. ರೈತ ಪಟ್ಟಿಗಾಗಿ ಎಷ್ಟು ಹೊತ್ತು ಕಾಯುತ್ತಾನೆ ಅಂತ ಈಗಲೇ ಬರೆದಿಟ್ಟುಕೊಳ್ಳಿ, ಆಮೇಲೂ ಬರೆಯಿರಿ. ಅಳೆದು ನೋಡದೆ, ‘ಲಾಭ ಇಲ್ಲ’ ಅನ್ನೋದೂ ತಪ್ಪು, ‘ಲಾಭ ಇದೆ’ ಅನ್ನೋದೂ ತಪ್ಪು.

ಪ್ರಶ್ನೆ: ನಮ್ಮದು ಬೆಣ್ಣೆದೋಸೆ ಹೋಟೆಲ್. ಯುಪಿಐನಿಂದ ಉತ್ಪಾದಕತೆ ಹೆಚ್ಚಿದೆ ಅಲ್ವಾ?

ಉತ್ತರ: ಚಿಲ್ಲರೆ ತಾಪತ್ರಯ ತಪ್ಪಿದೆ, ಅಷ್ಟೇ. ಹೆಂಚು ಅಷ್ಟೇ ಇದ್ದರೆ ದೋಸೆಯೂ ಅಷ್ಟೇ.

ಪ್ರಶ್ನೆ: ಚಳ್ಳಕೆರೆಯಲ್ಲಿ ನಮ್ಮ ಎಣ್ಣೆ ಮಿಲ್ ಇದೆ. ಎಐ ಸಾಫ್ಟ್‌ವೇರ್ ಹಾಕಿಸಿದರೆ ಮೂರೇ ತಿಂಗಳಲ್ಲಿ ಲಾಭ ದುಪ್ಪಟ್ಟು ಅಂತ ಏಜೆಂಟ್ ಒಬ್ಬ ಹೇಳುತ್ತಾನೆ. ಹಾಕಿಸಲಾ?

ಉತ್ತರ: ಬೇಡ. ನಿಮ್ಮ ಮಿಲ್ಲಿನ ಲೆಕ್ಕವನ್ನೇ ನೋಡದೆ ಲಾಭ ಹೇಳುವವನು ಮೋಸಗಾರ. ಮುಂಗಡ ಒಂದು ರೂಪಾಯಿಯನ್ನೂ ಕೊಡಬೇಡಿ.