ಆಡುವವರು ಜಾಸ್ತಿ, ಕಾಸು ಬಿಚ್ಚುವವರು ಕಮ್ಮಿ

ಪ್ರಶ್ನೆ: ಸುರತ್ಕಲ್‌ನಲ್ಲಿ ನನ್ನದೊಂದು ಮೊಬೈಲ್ ಅಂಗಡಿ ಇದೆ. ಸಂಜೆಯಾದರೆ ಕಾಲೇಜು ಹುಡುಗರು ಮೆಟ್ಟಿಲ ಮೇಲೆ ಕೂತು ಬಿಜಿಎಂಐ, ಫ್ರೀ ಫೈರ್ ಎಂಬ ಗುಂಡು ಹಾರಿಸುವ ಮೊಬೈಲ್ ಗೇಮ್ ಆಡುತ್ತಾರೆ. ಪಕ್ಕದ ರೂಮು ಖಾಲಿ ಇದೆ. ಅಲ್ಲಿ ಗೇಮಿಂಗ್ ಸೆಂಟರ್ ಮಾಡಿ, ತಲೆಗೆ 50 ರೂಪಾಯಿ ಎಂಟ್ರಿ ಇಟ್ಟು, ಗೆದ್ದವರಿಗೆ ನಗದು ಬಹುಮಾನ ಕೊಡುವ ಯೋಚನೆ. ಎರಡು ಲಕ್ಷ ಹಾಕಬಹುದಾ?

ಉತ್ತರ: ಈಗಲೇ ಬೇಡ. ಮೆಟ್ಟಿಲ ಮೇಲಿನ ಗುಂಪು ನೋಡಿ ಮಾರ್ಕೆಟ್ ಅಳೆಯಬೇಡಿ. ಈ ಗೇಮ್‌ಗಳ ಡೌನ್‌ಲೋಡ್ ಫ್ರೀ, ಆಟವೂ ಫ್ರೀ. ಕಂಪನಿಗೆ ಕಾಸು ಬರುವುದು ಯುಸಿ, ಡೈಮಂಡ್ (ಗೇಮ್ ಒಳಗಿನ ನಾಣ್ಯ), ಗನ್ ಸ್ಕಿನ್ (ಬಂದೂಕಿನ ಬಣ್ಣ-ವಿನ್ಯಾಸ), ರಾಯಲ್ ಪಾಸ್ (ಹೆಚ್ಚುವರಿ ಬಹುಮಾನ ಕೊಡುವ ಪಾಸ್) ಕೊಳ್ಳುವವರಿಂದ ಮಾತ್ರ. ಬಿಜಿಎಂಐ ಬಳಕೆದಾರರು 10 ಕೋಟಿ ದಾಟಿದರು ಎಂದು ಅದರ ಕಂಪನಿ ಕ್ರಾಫ್ಟನ್ 2022ರಲ್ಲೇ ಹೇಳಿತ್ತು. ಆದರೆ ಜಪಾನ್, ಅಮೆರಿಕದ ಆಟಗಾರರು ಖರ್ಚು ಮಾಡುವುದಕ್ಕೆ ಹೋಲಿಸಿದರೆ ನಮ್ಮವರದು ತೀರಾ ಕಮ್ಮಿ. ಅದೂ ಯುಪಿಐನಲ್ಲಿ ನೇರ ಪ್ಲೇ ಸ್ಟೋರ್‌ಗೆ ಹೋಗುತ್ತದೆ. ನಿಮ್ಮ ಗಲ್ಲಾಪೆಟ್ಟಿಗೆಗೆ ಏನೂ ಬೀಳುವುದಿಲ್ಲ.

ಈ ಎರಡೇ ಗೇಮ್ ಯಾಕೆ ಇಷ್ಟು ಹಬ್ಬಿದವು? ಅಗ್ಗದ ಫೋನಿನಲ್ಲೂ ಓಡುವುದರಿಂದ. ಬಿಜಿಎಂಐ ಬಂದಾಗ 2 ಜಿಬಿ ರ‍್ಯಾಮ್ ಇದ್ದರೆ ಸಾಕಿತ್ತು. ಫ್ರೀ ಫೈರ್ ಇನ್ನೂ ಹಗುರ, ಮ್ಯಾಚ್ ಕೂಡ ಹತ್ತು ನಿಮಿಷದ ಆಸುಪಾಸಿನಲ್ಲಿ ಮುಗಿಯುತ್ತದೆ. ಬಸ್ಸು ಸುರತ್ಕಲ್ ಬಿಟ್ಟು ಮಂಗಳೂರಿನ ಸ್ಟೇಟ್‌ಬ್ಯಾಂಕ್ ಮುಟ್ಟುವುದರೊಳಗೆ ಎರಡು ಮೂರು ಮ್ಯಾಚ್ ಆಗುತ್ತದೆ. ಕೈಯಲ್ಲೇ ಫೋನ್ ಇರುವ ಹುಡುಗ ಅದೇ ಆಟಕ್ಕೆ ನಿಮ್ಮ ರೂಮಿಗೆ ಗಂಟೆ ಲೆಕ್ಕದಲ್ಲಿ ದುಡ್ಡು ಯಾಕೆ ಕೊಡುತ್ತಾನೆ, ಹೇಳಿ?

ಇನ್ನು ಬ್ಯಾನ್ ವಿಷಯ. ಬಿಜಿಎಂಐಗೂ ಮೊದಲು ಇಲ್ಲಿದ್ದ ಅದರ ಮೂಲ ಗೇಮ್ ಪಬ್‌ಜಿ 2020ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸರ್ಕಾರದ ನಿಷೇಧದಿಂದ ಹೋಯಿತು. ಫ್ರೀ ಫೈರ್ 2022ರ ಫೆಬ್ರವರಿಯಲ್ಲಿ ಹೋದಾಗ ಹುಡುಗರು ಅದರದೇ ಇನ್ನೊಂದು ಆವೃತ್ತಿ ಫ್ರೀ ಫೈರ್ ಮ್ಯಾಕ್ಸ್‌ಗೆ ಹಾರಿದರು. ಅದೇ ವರ್ಷ ಜುಲೈನಲ್ಲಿ ಬಿಜಿಎಂಐ ಕೂಡ ಸ್ಟೋರ್‌ನಿಂದ ಮಾಯವಾಯಿತು, ಮತ್ತೆ ಬಂದದ್ದು 2023ರ ಮೇ ಕೊನೆಗೆ. ಒಂದೇ ಗೇಮ್ ನಂಬಿ ಕೂತವರು ಹತ್ತು ತಿಂಗಳು ಬಾಡಿಗೆ ಎಲ್ಲಿಂದ ಕಟ್ಟಬೇಕು?

ನನಗೆ ನಿಜಕ್ಕೂ ಆತಂಕ ಇರುವುದು ನಿಮ್ಮ 50 ರೂಪಾಯಿ ಎಂಟ್ರಿ ಬಗ್ಗೆ. ಕಸ್ಟಮ್ ರೂಮ್ (ಗೇಮ್ ಒಳಗಿನ ಖಾಸಗಿ ಪಂದ್ಯ) ಮಾಡಿ, ಒಬ್ಬ ಎದುರಾಳಿಯನ್ನು ಹೊಡೆದುರುಳಿಸಿದರೆ ಇಷ್ಟು ಅಂತ ದುಡ್ಡು ಹಂಚುವುದು ಹುಡುಗರಿಗೆ ಮಾಮೂಲಿ ಇರಬಹುದು. 2025ರ ಆಗಸ್ಟ್‌ನಲ್ಲಿ ಸಂಸತ್ತು ಒಪ್ಪಿದ ಆನ್‌ಲೈನ್ ಗೇಮಿಂಗ್ ಕಾಯ್ದೆ ಮಾತ್ರ ದುಡ್ಡು ಕಟ್ಟಿ ದುಡ್ಡು ಗೆಲ್ಲುವ ಆಟ ನಡೆಸುವುದನ್ನು ನಿಷೇಧಿಸಿದೆ. ಮೂರು ವರ್ಷದವರೆಗೆ ಜೈಲು, 1 ಕೋಟಿ ರೂಪಾಯಿವರೆಗೆ ದಂಡ. ಇ-ಸ್ಪೋರ್ಟ್ಸ್‌ಗೆ, ಅಂದರೆ ವಿಡಿಯೋ ಗೇಮ್‌ಗಳ ಸ್ಪರ್ಧಾ ಕ್ರೀಡೆಗೆ, ವಿನಾಯಿತಿ ಇದೆ, ಆದರೆ ಅದಕ್ಕೆ ಮಾನ್ಯತೆ, ನೋಂದಣಿ ಬೇಕು. ಅಂಗಡಿ ಪಕ್ಕದ ರೂಮಿನಲ್ಲಿ ಸುಮ್ನೆ ಶುರು ಮಾಡುವಂಥದ್ದಲ್ಲ. ಟೂರ್ನಿ ಮಾಡಲೇಬೇಕೆಂದಿದ್ದರೆ ವಕೀಲರೊಬ್ಬರನ್ನು ಕೇಳಿ ಮುಂದುವರಿಯಿರಿ.

ನಿಮ್ಮ ಲಾಭ ಅಂಗಡಿಯೊಳಗೇ ಇದೆ. ನಮ್ಮ ಸೆಕೆಗೆ ಬೆರಳು ಬೆವರಿ ಸ್ಕ್ರೀನ್ ಮೇಲೆ ಅಂಟುತ್ತದೆ, ಗುರಿ ತಪ್ಪುತ್ತದೆ. ಹೆಬ್ಬೆರಳಿಗೆ ಹಾಕುವ ತೆಳು ಬಟ್ಟೆಯ ಸ್ಲೀವ್ ಇಡಿ. ಫೋನ್ ಹಿಂದೆ ಕಚ್ಚಿಸುವ ಕೂಲಿಂಗ್ ಫ್ಯಾನ್, ಟೆಂಪರ್ಡ್ ಗ್ಲಾಸ್, ಆಡುವಾಗ ಕೈಗೆ ತಾಗದಂತೆ ಬಾಗಿದ ಪಿನ್ ಇರುವ ಚಾರ್ಜರ್ ವೈರ್ ಇಡಿ. ಚಾರ್ಜಿಗೆ ಹಾಕಿಕೊಂಡೇ ಆಡಿ ಸೊರಗಿದ ಬ್ಯಾಟರಿ ಬದಲಿಸಿಕೊಡಿ. ಫೋನ್ ಮಾರುವಾಗ ಯಾವ ಮಾಡೆಲ್‌ನಲ್ಲಿ ಗೇಮ್ ತಡೆ ತಡೆದು ಓಡುವುದಿಲ್ಲ ಎಂದು ಆಡಿಸಿಯೇ ತೋರಿಸಿ. ಯಾವ ಗೇಮ್ ಬ್ಯಾನ್ ಆದರೂ ಈ ವ್ಯಾಪಾರ ನಿಲ್ಲುವುದಿಲ್ಲ. ಮೊದಲು ಇಪ್ಪತ್ತು ಸಾವಿರದ ಮಾಲು ಹಾಕಿ ಒಂದು ಮಳೆಗಾಲ ನೋಡಿ.

ಪ್ರಶ್ನೆ: ನಮ್ಮದೇ ದೇಶದ ಫೌಜಿ (FAU-G) ಮೊಬೈಲ್ ಗೇಮ್ ಅಷ್ಟು ಸದ್ದು ಮಾಡಿಯೂ ಯಾಕೆ ನಿಲ್ಲಲಿಲ್ಲ? – ಉಡುಪಿಯ ವಿದ್ಯಾರ್ಥಿ

ಉತ್ತರ: ಪಬ್‌ಜಿ ಜಾಗ ಖಾಲಿ ಇದ್ದಾಗಲೇ, 2021ರ ಜನವರಿ 26ಕ್ಕೆ ಬೆಂಗಳೂರಿನ ಎನ್‌ಕೋರ್ ಗೇಮ್ಸ್ ಅದನ್ನು ತಂದಿತು. ಎಲ್ಲರೂ ಬಯಸಿದ್ದು ಗೆಳೆಯರ ಜೊತೆ ಸ್ಕ್ವಾಡ್ (ತಂಡ) ಕಟ್ಟಿ ಆಡುವ ಬ್ಯಾಟಲ್ ರಾಯಲ್, ಅಂದರೆ ಕೊನೆಗೆ ಉಳಿದವರೇ ಗೆಲ್ಲುವ ಆಟ. ಸಿಕ್ಕಿದ್ದು ಗಾಲ್ವಾನ್ ಕಣಿವೆಯಲ್ಲಿ ಒಬ್ಬರೇ ಆಡುವ ಕೈ ಕೈ ಕಾಳಗ. ಟೀಮ್ ಆಟ ಸೇರಿಸುವ ಹೊತ್ತಿಗೆ ಜೂನ್ ಬಂದಿತ್ತು. ಜುಲೈ 2ಕ್ಕೆ ಬಿಜಿಎಂಐ ಬಂತು, ಗೆಳೆಯರೆಲ್ಲ ಅಲ್ಲಿಗೆ ಹೋದರು. ಗೆಳೆಯರಿಲ್ಲದ ಕಡೆ ಯಾರು ಆಡುತ್ತಾರೆ, ಅಲ್ವಾ?