ಐದು ನಿಮಿಷದ ದಾರಿಗೆ ಅರ್ಧ ಗಂಟೆ

ಪ್ರಶ್ನೆ: ಮೂರು ವರ್ಷದ ಮಗನ ಜೊತೆ ಹಾಲು ತರಲು ಹೊರಟರೆ ಐದು ನಿಮಿಷದ ದಾರಿಗೆ ಅರ್ಧ ಗಂಟೆ ಬೇಕು. ಇರುವೆ ಸಾಲು ಕಂಡಲ್ಲೇ ಕೂತುಬಿಡುತ್ತಾನೆ. ‘ಬಾರೋ, ಹೊತ್ತಾಯ್ತು’ ಎಂದು ಎಳೆದು ತಂದಮೇಲೆ ನನಗೇ ಕಸಿವಿಸಿ. ಅವನ ಜೊತೆ ಕೂತರೆ ನಾನೇನು ನೋಡಲಿ?
– ಒಬ್ಬ ತಾಯಿ, ತುಮಕೂರು

ಉತ್ತರ: ಹಾಲು ತರುವ ನಡಿಗೆ ಬೇರೆ, ಮಗನ ನಡಿಗೆ ಬೇರೆ ಮಾಡಿಕೊಳ್ಳಿ. ಎರಡನ್ನೂ ಒಂದರಲ್ಲೇ ಮುಗಿಸಹೊರಟರೆ ಇಬ್ಬರಿಗೂ ಸಿಟ್ಟು. ವಾರಕ್ಕೆರಡು ಬೆಳಿಗ್ಗೆ, ಬಿಸಿಲೇರುವ ಮುಂಚೆ, ಎಲ್ಲಿಗೂ ಹೋಗಬೇಕಿಲ್ಲದ 20 ನಿಮಿಷ ಸಾಕು. ನೀವೂ ಕುಕ್ಕರುಗಾಲಲ್ಲಿ ಕೂರಿ. ನಿಂತವರಿಗೆ ಇರುವೆ ಸಾಲು ಬರೀ ಒಂದು ಗೆರೆ.

ಗಾರೆ ಅಥವಾ ಸಿಮೆಂಟು ನೆಲದ ಮೇಲೆ ಸಣ್ಣ ಕಪ್ಪಿರುವೆಗಳು ಓಡಾಡುವ ಜಾಗ ಹುಡುಕಿ. ಅವುಗಳಿಂದ ಒಂದು ಗೇಣು ದೂರದಲ್ಲಿ ಸಾಸಿವೆಯಷ್ಟು ಬೆಲ್ಲ ಇಡಿ. ಅಡ್ಡಾಡುತ್ತಿದ್ದ ಯಾವುದೋ ಒಂದು ಇರುವೆ ಅದನ್ನು ಕಂಡುಕೊಳ್ಳುತ್ತದೆ. ಗೂಡಿಗೆ ಮರಳುವಾಗ ಅದು ನೆಲಕ್ಕೆ ವಾಸನೆಯ ಜಾಡು ಸವರುತ್ತಾ ಹೋಗುತ್ತದೆ. ಉಳಿದವು ಮೀಸೆಯಿಂದ ಆ ಜಾಡು ಹಿಡಿದು ಬರುತ್ತವೆ. ಸಾಲು ಗಟ್ಟಿಯಾದ ಮೇಲೆ ಒದ್ದೆ ಬೆರಳಿನಿಂದ ಅದರ ನಡುವೆ ಅಡ್ಡಗೆರೆ ಒರೆಸಿ. ಎರಡೂ ಕಡೆಯ ಇರುವೆಗಳು ಗಕ್ಕನೆ ನಿಂತು ತಡಕಾಡುತ್ತವೆ. ಕೊನೆಗೆ ಒಂದೆರಡು ಹೇಗೋ ದಾಟಿದವೆಂದರೆ ಸಾಲು ಮತ್ತೆ ಕೂಡಿಕೊಳ್ಳುತ್ತದೆ. ಮಗು ಉಸಿರು ಬಿಗಿಹಿಡಿದು ನೋಡುವುದು ಇದನ್ನೇ. ನಿಜಕ್ಕೂ ಉಸಿರು ತಾಗದಷ್ಟು ದೂರ ಕೂರಿ, ಗಾಳಿ ಊದಿದರೆ ಇರುವೆಗಳು ಚದುರಿಬಿಡುತ್ತವೆ. ಬೆಲ್ಲ ಹೆಚ್ಚಾದರೆ ಕರಗಿ ಇರುವೆ ಅಂಟಿಕೊಂಡು ಸಾಯುತ್ತದೆ. ಪುಡಿಮಣ್ಣಿನ ಮೇಲೆ ಈ ಆಟ ಸರಿಯಾಗಿ ಕಾಣದು. ಮರದ ಎಲೆ ಹೆಣೆದು ಗೂಡು ಕಟ್ಟುವ ಚಗಳಿಯ ಹತ್ತಿರ ಮಾತ್ರ ಬೇಡ, ಕಚ್ಚಿದರೆ ಉರಿ ಜೋರು.

ಇಲ್ಲಿ ಕೆಡುವುದು ಸಾಮಾನ್ಯವಾಗಿ ದೊಡ್ಡವರ ಮಾತಿನಿಂದ. ‘ಇದು ಇರುವೆ, ಇದಕ್ಕೆ ಆರು ಕಾಲು’ ಎಂದು ನಾವೇ ಹೇಳಿಬಿಟ್ಟರೆ ಮಗುವಿಗೆ ನೋಡಲು ಏನೂ ಉಳಿಯುವುದಿಲ್ಲ. ‘ಎಲ್ಲಿಗೆ ಹೋಗ್ತಿದೆ, ನೋಡೋಣ್ವಾ?’ ಎಂದಷ್ಟೇ ಕೇಳಿ ಸುಮ್ಮನಿರಿ.

ಪ್ರಶ್ನೆ: ಮೊಮ್ಮಗಳಿಗೆ ಮೊಳಕೆ ತೋರಿಸಬೇಕೆಂದು ಹತ್ತಿಯಲ್ಲಿ ಕಾಳು ಹಾಕಿದರೆ ಎರಡು ಸಲವೂ ಕೊಳೆತು ನಾರಿತು. ಮಗುವಿಗೆ ಬೇಜಾರಾಯಿತು.
– ಒಬ್ಬ ಅಜ್ಜಿ, ಶಿವಮೊಗ್ಗ

ಉತ್ತರ: ನೀರು ಹೆಚ್ಚಾಗಿದೆ, ಅಮ್ಮ. ಹತ್ತಿ ತೊಯ್ದು ತೊಪ್ಪೆಯಾದರೆ ಕಾಳಿಗೆ ಗಾಳಿ ಸಿಗದೆ ಕೊಳೆಯುತ್ತದೆ. ಅಲಸಂದೆ ತೆಗೆದುಕೊಳ್ಳಿ. ಕಾಳು ದೊಡ್ಡದು, ಮಗುವಿನ ಕಣ್ಣಿಗೆ ಸುಲಭ. (ಬೇಳೆ ಮಾತ್ರ ಬೇಡ, ಒಡೆಯುವಾಗ ಮೊಳಕೆಯ ಭಾಗ ಹೋಗಿರುತ್ತದೆ.) ನಾಲ್ಕೈದು ಕಾಳನ್ನು ರಾತ್ರಿ ನೆನೆಹಾಕಿ. ಬೆಳಿಗ್ಗೆ ಗಾಜಿನ ಲೋಟದ ಒಳಸುತ್ತಿಗೆ ಟಿಶ್ಯೂ ಕಾಗದ ಮಡಿಸಿ ನಿಲ್ಲಿಸಿ, ಗಾಜಿಗೂ ಕಾಗದಕ್ಕೂ ನಡುವೆ ಕಾಳು ಸಿಕ್ಕಿಸಿ. ತಳದಲ್ಲಿ ಅರ್ಧ ಬೆರಳು ನೀರಿದ್ದರೆ ಸಾಕು, ಉಳಿದದ್ದನ್ನು ಕಾಗದವೇ ಹೀರಿ ಮೇಲೆ ಒಯ್ಯುತ್ತದೆ. ಕಾಳು ನೀರಿನಲ್ಲಿ ಮುಳುಗಬಾರದು. ನೀರನ್ನು ದಿನಾ ಬದಲಿಸಿ.

ಎರಡು ಮೂರು ದಿನಕ್ಕೆ ಬೇರು ಇಣುಕುತ್ತದೆ. ಅದು ಒಂದು ಅಂಗುಲ ಆದಾಗ ತಳದ ನೀರು ಚೆಲ್ಲಿ, ಕಾಗದ ಒದ್ದೆಯಿರುವಂತೆ ನೋಡಿಕೊಂಡು ಲೋಟವನ್ನು ಅಡ್ಡ ಮಲಗಿಸಿ. ಮರುದಿನದ ಹೊತ್ತಿಗೆ ಬೇರಿನ ತುದಿ ಬಾಗಿ ಮತ್ತೆ ನೆಲದತ್ತ ಹೊರಟಿರುತ್ತದೆ! ಕತ್ತಲಲ್ಲಿಟ್ಟರೂ ಬಾಗುತ್ತದೆ, ಏಕೆಂದರೆ ಬೇರಿಗೆ ದಾರಿ ತೋರುವುದು ಭೂಮಿಯ ಸೆಳೆತ. ‘ಕೆಳಗೆ ಯಾವುದು ಅಂತ ಅದಕ್ಕೆ ಹೇಗೆ ಗೊತ್ತಾಯ್ತು?’ ಎಂದು ಮೊಮ್ಮಗಳು ಕೇಳುವವರೆಗೂ ಕಾಯಿರಿ.

ಪ್ರಶ್ನೆ: ಮಗಳು ದಾರಿಯಲ್ಲಿ ಕಂಡದ್ದನ್ನೆಲ್ಲ ಎತ್ತಿಕೊಳ್ಳುತ್ತಾಳೆ. ಬಿಡಬಹುದೇ?
– ಒಬ್ಬ ತಂದೆ, ಧಾರವಾಡ

ಉತ್ತರ: ಕಲ್ಲು, ಉದುರಿದ ಎಲೆ, ಎರೆಹುಳು – ಬಿಡಿ, ಆಮೇಲೆ ಸೋಪಿನಿಂದ ಕೈ ತೊಳೆಸಿ. ಗುಲಗಂಜಿ, ಹರಳು ಬೀಜ, ದತ್ತೂರಿ ಕಾಯಿ, ಕಣಗಿಲೆ ಇವು ವಿಷ. ಬಾಯಿಗೆ ಹಾಕುವ ವಯಸ್ಸು ದಾಟುವವರೆಗೆ ಕೈಗೂ ಕೊಡಬೇಡಿ. ಎಕ್ಕದ ಹಾಲು ಕಣ್ಣಿಗೆ ಅಪಾಯ. ಕಂಬಳಿಹುಳುವನ್ನು ದೂರದಿಂದ ನೋಡಿದರೂ ಚಂದವೇ.

ಪ್ರಶ್ನೆ: ‘ಚಂದಮಾಮ ಯಾಕೆ ನಮ್ಮ ಜೊತೇನೇ ಬರ್ತಾನೆ?’ ಎಂದು ನಾಲ್ಕು ವರ್ಷದ ಮಗ ಕೇಳುತ್ತಾನೆ.
– ಒಬ್ಬ ತಾಯಿ, ಹಾಸನ

ಉತ್ತರ: ಹೇಳಬೇಡಿ, ನಡೆಸಿ. ಹತ್ತಿರದ ಲೈಟ್ ಕಂಬ, ದೂರದ ತೆಂಗಿನಮರ, ಚಂದ್ರ ಮೂರನ್ನೂ ತೋರಿಸಿ ಇಪ್ಪತ್ತು ಹೆಜ್ಜೆ ನಡೆಯಿರಿ. ಕಂಬ ಬೇಗ ಹಿಂದೆ ಸರಿಯುತ್ತದೆ, ತೆಂಗು ನಿಧಾನ, ಚಂದ್ರ ಸರಿಯುವುದೇ ಇಲ್ಲ. ಸುಮಾರು 3,84,000 ಕಿ.ಮೀ. ದೂರದಲ್ಲಿರುವುದಕ್ಕೆ ನಮ್ಮ ಇಪ್ಪತ್ತು ಹೆಜ್ಜೆ ಲೆಕ್ಕಕ್ಕಿಲ್ಲ. ಅಂಕಿ ಅವನಿಗೆ ಬೇಡ, ‘ತುಂಬಾ ತುಂಬಾ ದೂರ’ ಸಾಕು.

ಚಂದ್ರ ಹಗಲಲ್ಲೂ ಕಾಣುತ್ತಾನೆ ಎಂಬುದು ಎಷ್ಟೋ ದೊಡ್ಡವರ ಗಮನಕ್ಕೇ ಬಂದಿರುವುದಿಲ್ಲ. ಹುಣ್ಣಿಮೆ ಕಳೆದು ಏಳೆಂಟು ದಿನಕ್ಕೆ, ಅಂದರೆ ಬಹುಳ ಸಪ್ತಮಿ–ಅಷ್ಟಮಿಯ ಹೊತ್ತಿಗೆ, ಮೋಡವಿಲ್ಲದ ಬೆಳಿಗ್ಗೆ ಎಂಟು ಗಂಟೆಗೆ ನೆತ್ತಿಯಿಂದ ಪಡುವಣಕ್ಕೆ ವಾಲಿದ ಕಡೆ ನೋಡಿ. ಬೆಳ್ಳಗಿನ ಅರ್ಧಚಂದ್ರ ಇರುತ್ತಾನೆ. ಶಾಲೆಯ ವ್ಯಾನು ಬರುವಷ್ಟರಲ್ಲಿ ಅವನೇ ಹುಡುಕಿ ನಿಮಗೆ ತೋರಿಸಲಿ.