ಕಲ್ಯಾಣದಲ್ಲಿ ಶೇಂಗಾ ಚಟ್ನಿ

ಪ್ರಶ್ನೆ: ನಮ್ಮ ಸಂಘದ ನಾಟಕದಲ್ಲಿ 12ನೇ ಶತಮಾನದ ಕಲ್ಯಾಣದ ಶರಣರಿಗೆ ರೊಟ್ಟಿ, ಶೇಂಗಾ ಚಟ್ನಿ ಬಡಿಸಿದೆವು. ಮಗ ನಕ್ಕುಬಿಟ್ಟ. ತಪ್ಪೇನು?
– ಒಬ್ಬ ಗೃಹಿಣಿ, ಡೊಂಬಿವಲಿ

ಉತ್ತರ: ಮಗ ಸರಿಯಾಗೇ ನಕ್ಕಿದ್ದಾನೆ ತಾಯಿ. ರೊಟ್ಟಿ ಇರಲಿ. ಶೇಂಗಾ, ಮೆಣಸಿನಕಾಯಿ ಎರಡೂ ಅಮೆರಿಕ ಖಂಡದವು; ಇಲ್ಲಿಗೆ ಬಂದದ್ದು ಪೋರ್ಚುಗೀಸರು ಬಂದ ಮೇಲೆ. ವಾಸ್ಕೋ ಡ ಗಾಮ ಕಲ್ಲಿಕೋಟೆಗೆ ಬಂದದ್ದೇ 1498ರಲ್ಲಿ. ಪೋರ್ಚುಗೀಸರು ಗೋವಾ ಹಿಡಿದದ್ದು 1510ರಲ್ಲಿ. ಅದಕ್ಕೂ ಮುಂಚೆ ನಮ್ಮವರಿಗೆ ಖಾರವೆಂದರೆ ಕಾಳುಮೆಣಸು, ಶುಂಠಿ. ಆ ಮೆಣಸಿನ ಹೆಸರನ್ನೇ ಹೊಸ ಕಾಯಿಗೂ ಅಂಟಿಸಿದೆವು. ಎಳ್ಳಿನ ಚಟ್ನಿ ಮಾಡಿ, ಕಾಳುಮೆಣಸು ಕುಟ್ಟಿ ಹಾಕಿ.

ನಾನೂ ಮಾಟುಂಗಾದಲ್ಲಿ ಬಿಜ್ಜಳನಾಗಿ ಬರಿತೋಳಲ್ಲಿ ಮೆರೆದವನೇ. ಎಡತೋಳಿನ ಮೇಲೆ ಸಿಡುಬಿನ ಲಸಿಕೆಯ ಎರಡು ದುಂಡು ಕಲೆ! ಜೆನ್ನರ್ ಆ ಲಸಿಕೆ ಹಾಕಿದ್ದು 1796ರಲ್ಲಿ. ಮುಂದಿನ ಪ್ರದರ್ಶನಕ್ಕೆ ತೋಳಬಂದಿ ಕಟ್ಟಿಕೊಂಡೆ.